ಬಾಣಂತನದ ಮದ್ದು, ಕಪ್ಪತಗುಡ್ಡದ ಬೇರು

ಗದಗ, ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳಿಗೆ ಹಬ್ಬಿದ ಕಪ್ಪತಗುಡ್ಡ ಔಷಧಿ ಸಸ್ಯಗಳಿಗೆ ಹೆಸರಾದ ಬೆಟ್ಟಸಾಲು. ಅದರ ಆಸುಪಾಸಿನ ಬೆಟಗೇರಿ, ಲಕ್ಷ್ಮೇಶ್ವರಗಳಂಥ ಊರುಗಳಲ್ಲಿ ಹೆರಿಗೆಯ ನಂತರ ತವರುಮನೆಯವರು ತಾಯಿ-ಮಗುವಿಗೆ ಮಾಡುವ ಆರೈಕೆಗೆ, ಅಂದರೆ ಬಾಣಂತನಕ್ಕೆ, ಗುಡ್ಡದ ಗಿಡಮೂಲಿಕೆಯಷ್ಟೇ ಅಡುಗೆಮನೆಯ ಕಾಳುಕಡಿಯೂ ಆಧಾರವಾಗಿದೆ.

ಕಾಳುಕಡಿಯಲ್ಲಿ ಮೊದಲ ಹೆಸರು ಅಳವಿಯದು. ಕೆಂಪು ಬಣ್ಣದ ಈ ಸಣ್ಣ ಬೀಜವನ್ನು ನೆನೆಹಾಕಿದರೆ ಪ್ರತಿ ಕಾಳಿನ ಸುತ್ತಲೂ ಲೋಳೆ ಕಟ್ಟುತ್ತದೆ. ಅದನ್ನು ಹಾಲು-ಬೆಲ್ಲದೊಡನೆ ಕುದಿಸಿ ಪಾಯಸ ಮಾಡುತ್ತಾರೆ. ಮರ ಒಸರುವ ಅಂಟನ್ನು ತುಪ್ಪದಲ್ಲಿ ಅರಳುವಂತೆ ಹುರಿದು, ಕುಟ್ಟಿ, ಒಣಕೊಬ್ಬರಿ, ಉತ್ತತ್ತಿ, ಬೆಲ್ಲ ಬೆರೆಸಿ ಕಟ್ಟುವ ಅಂಟಿನ ಉಂಡಿಯು ಸೋತ ದೇಹಕ್ಕೆ ಶಕ್ತಿ ಕೊಡುತ್ತದೆ. ಸಬ್ಬಸಗಿ ಪಲ್ಯ, ಮೆಂತ್ಯ, ಬಳ್ಳೊಳ್ಳಿಗಳನ್ನು ಎದೆಹಾಲು ಹೆಚ್ಚಿಸುವುದಕ್ಕೆಂದು ಉಣಿಸುವ ರೂಢಿಯಿದೆ.

ಆಯುರ್ವೇದವು ‘ಸ್ತನ್ಯಜನನ’, ಅಂದರೆ ಹಾಲು ಹುಟ್ಟಿಸುವ ದ್ರವ್ಯ, ಎಂದು ಕರೆಯುವವುಗಳಲ್ಲಿ ಶತಾವರಿ ಮುಖ್ಯವಾದುದು. ಮುಳ್ಳಿನ ಈ ಬಳ್ಳಿಯ ಬುಡದಲ್ಲಿ ಗೊಂಚಲಾಗಿ ಬೆಳೆಯುವ ಬೇರುಗಡ್ಡೆಗಳನ್ನು ಒಣಗಿಸಿ ಪುಡಿ ಮಾಡಿ ಹಾಲಿನಲ್ಲಿ ಕೊಡುತ್ತಾರೆ. ಹಾಲು ಹೆಚ್ಚಿಸುವ ಮದ್ದುಗಳ ಕುರಿತ 41 ಪ್ರಯೋಗಗಳನ್ನು 2020ರಲ್ಲಿ ಪರಿಶೀಲಿಸಿದ ಕಾಕ್ರೇನ್ ಸಂಸ್ಥೆಯ ವಿಮರ್ಶೆಯು ಗಿಡಮೂಲಿಕೆಗಳಿಂದ ಹಾಲು ಹೆಚ್ಚಬಹುದಾದರೂ ಅದಕ್ಕಿರುವ ಪುರಾವೆ ತೀರ ದುರ್ಬಲವೆಂದು ಹೇಳಿದೆ. ಮಗು ಚೀಪಿದಂತೆಲ್ಲ ಪ್ರೊಲ್ಯಾಕ್ಟಿನ್ ಹಾರ್ಮೋನು ಸ್ರವಿಸಿ ಹಾಲು ಉತ್ಪತ್ತಿಯಾಗುವುದರಿಂದ, ಮೇಲಿಂದ ಮೇಲೆ ಮೊಲೆಯೂಡಿಸುವುದೇ ಮೊದಲ ಮದ್ದು. ಆ ತಾಯಿಗೆ ಹೊಟ್ಟೆತುಂಬ ಊಟವನ್ನೂ ವಿಶ್ರಾಂತಿಯನ್ನೂ ಒದಗಿಸುವುದರಲ್ಲಿ ಬಾಣಂತನದ ನಿಜವಾದ ಬೆಲೆಯಿದೆ. ಮನೆಯ ಹೆಂಗಸರೂ ನೇಯ್ಗೆಗೆ ಕೈಜೋಡಿಸುವ ಬೆಟಗೇರಿಯ ನೇಕಾರ ಕುಟುಂಬಗಳಲ್ಲಿ ಈ ವಿಶ್ರಾಂತಿಗೆ ವಿಶೇಷ ಅರ್ಥವಿದೆ.

ಆದರೆ ಶೀತವಾದೀತೆಂದು ಬಾಣಂತಿಗೆ ನೀರು ಕಡಿಮೆ ಕೊಡುವುದು, ಮುಚ್ಚಿದ ಕೋಣೆಯಲ್ಲಿ ಶೇಗಡಿಯ, ಅಂದರೆ ಅಗ್ಗಿಷ್ಟಿಕೆಯ, ಹೊಗೆ ತುಂಬುವುದು, ಹಸುಗೂಸಿಗೆ ಜೇನು ನೆಕ್ಕಿಸುವುದು ಅಪಾಯಕಾರಿಯಾದ್ದರಿಂದ ಇವನ್ನು ಬಿಡಲೇಬೇಕು. ಆರು ತಿಂಗಳು ತುಂಬುವವರೆಗೆ ಮಗುವಿಗೆ ತಾಯಿಹಾಲೊಂದೇ ಸಾಕು. ಜ್ವರ, ಅತಿ ರಕ್ತಸ್ರಾವಗಳಿದ್ದಲ್ಲಿ ಮನೆಮದ್ದಿಗೆ ಕಾಯದೆ ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯಬೇಕು.

ಗುಡ್ಡದಲ್ಲಿ ಬೇರನ್ನು ಅಗೆದಲ್ಲಿ ಬಳ್ಳಿಯೇ ಅಳಿಯುವ ಭಯವಿರುವುದರಿಂದ ಶತಾವರಿಯ ಪ್ರಶ್ನೆಯು ಗುಡ್ಡದ ಪ್ರಶ್ನೆಯೂ ಹೌದು. ಗದುಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರು ಗುಡ್ಡದ ಉಳಿವಿಗಾಗಿ ಮುಂದೆ ನಿಂತು ನಡೆಸಿದ ಹೋರಾಟದ ತರುವಾಯ, 2019ರಲ್ಲಿ ಕಪ್ಪತಗುಡ್ಡದ 244 ಚದರ ಕಿಲೋಮೀಟರ್ ಪ್ರದೇಶವು ವನ್ಯಜೀವಿಧಾಮವಾಯಿತು. ಅಲ್ಲಿಂದ ಬೇರು ಕಿತ್ತು ತರುವ ಬದಲು ಹಿತ್ತಿಲಲ್ಲೂ ಹೊಲದ ಬದುವಿನಲ್ಲೂ ಶತಾವರಿಯನ್ನು ಬೆಳೆಸಿದರೆ ಬಾಣಂತನದ ಅರಿವೂ ಗುಡ್ಡದ ಹಸಿರೂ ಒಟ್ಟಿಗೆ ಉಳಿಯುತ್ತವೆ.