ಏಳನೆಯ ತರಗತಿಯ ಗದ್ದಲ

“ಕಣ್ಣೆರಡನ್ನು ಬಿಟ್ಟು ಉಳಿದುದನ್ನು ಸುಲಿದರೂ ಚಿಂತೆಯಿಲ್ಲ, ಹುಡುಗ ದಾರಿಗೆ ಬಂದರೆ ಸಾಕು” ಎಂದು ಹೇಳಿ ಮಗನನ್ನು ಮೇಷ್ಟರ ಕೈಗೆ ಒಪ್ಪಿಸುತ್ತಿದ್ದ ಕಾಲವನ್ನು ನಮ್ಮ ಹಿರಿಯರೆಲ್ಲ ಬಲ್ಲರು. ಬೆತ್ತ, ಬಸ್ಕಿ, ಬೆಂಚಿನ ಮೇಲೆ ನಿಲ್ಲಿಸುವುದು, ಕಿವಿ ಹಿಂಡುವುದು ಇವಿಲ್ಲದೆ ವಿದ್ಯೆಯೇ ಹತ್ತದೆಂಬುದು ಅಂದಿನ ನಂಬಿಕೆ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ಇದಕ್ಕೆ ತೆರೆ ಎಳೆಯಿತು. ಮಗುವನ್ನು ಹೊಡೆಯುವುದೂ ಕೂಡದು, ಮಾನಸಿಕವಾಗಿ ಪೀಡಿಸುವುದೂ ಕೂಡದು. ಮೀರಿದವರ ಮೇಲೆ ಸೇವಾ ನಿಯಮಗಳಂತೆ ಶಿಸ್ತಿನ ಕ್ರಮ ಉಂಟು. ಹಾಗಾದರೆ ಗದ್ದಲದ ತರಗತಿಯನ್ನು ಹಿಡಿತಕ್ಕೆ ತರುವ ಬಗೆ ಹೇಗೆ? ಉಪಾಧ್ಯಾಯರ ಈ ಪ್ರಶ್ನೆ ನ್ಯಾಯವಾದುದೇ.

ಆರರಿಂದ ಎಂಟನೆಯ ತರಗತಿಯ ಮಕ್ಕಳೆಂದರೆ ಹನ್ನೊಂದರಿಂದ ಹದಿನಾಲ್ಕರ ವಯಸ್ಸು. ದೇಹವೂ ಮನಸ್ಸೂ ಒಟ್ಟಿಗೆ ಬದಲಾಗುವ ಈ ಕಾಲದಲ್ಲಿ ಮೇಷ್ಟರ ಮೆಚ್ಚಿಗೆಗಿಂತ ಪಕ್ಕದ ಬೆಂಚಿನವನ ನಗುವೇ ದೊಡ್ಡದು. ಮುಂಬಯಿಯಂತಹ ಊರಿನಲ್ಲಿ ಇನ್ನೊಂದು ತೊಡಕೂ ಇದೆ. ಮನೆಯಲ್ಲಿ ತುಳುವೋ ಕಲಬುರಗಿಯ ಕನ್ನಡವೋ, ಬೀದಿಯಲ್ಲಿ ಹಿಂದಿ, ಜೊತೆಗೆ ಮರಾಠಿ. ಪುಸ್ತಕದ ಕನ್ನಡವೇ ಬೇರೆ. ಪಾಠದ ವಾಕ್ಯ ಅರ್ಥವಾಗದ ಹುಡುಗ ಅದನ್ನು ಮರೆಮಾಡಲು ಗಲಾಟೆಯನ್ನು ಆಶ್ರಯಿಸುವುದುಂಟು. ಅಂಥವನಿಗೆ ಬೇಕಾದುದು ಅರ್ಥ, ಏಟಲ್ಲ.

ಅಮೆರಿಕದ ಜೇಕಬ್ ಕೌನಿನ್ ಎಂಬ ಮನಶ್ಶಾಸ್ತ್ರಜ್ಞರು ಅನೇಕ ತರಗತಿಗಳನ್ನು ಚಿತ್ರೀಕರಿಸಿ ಪರಿಶೀಲಿಸಿ, 1970ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ತಪ್ಪು ನಡೆದ ಮೇಲೆ ಗದರಿಸುವ ರೀತಿಯಲ್ಲಿ, ಗೆದ್ದ ಶಿಕ್ಷಕರಿಗೂ ಸೋತ ಶಿಕ್ಷಕರಿಗೂ ಹೇಳಿಕೊಳ್ಳುವಂತಹ ಅಂತರ ಅವರಿಗೆ ಕಾಣಲಿಲ್ಲ. ಅಂತರವೆಲ್ಲ ತಪ್ಪು ನಡೆಯುವ ಮುಂಚೆಯೇ ಇತ್ತು. ಗೆದ್ದವರ ಕಣ್ಣು ಇಡೀ ಕೊಠಡಿಯ ಮೇಲಿತ್ತು. ಪಾಠ ನಡುವೆ ಕಡಿಯದೆ ಸಾಗುತ್ತಿತ್ತು. ಯಾವ ಮಗುವಿನ ಕೈಯೂ ಬರಿದಾಗಿರುತ್ತಿರಲಿಲ್ಲ. ಕಪ್ಪುಹಲಗೆಯ ಕಡೆ ಮುಖಮಾಡಿ ಹತ್ತು ನಿಮಿಷ ಬರೆಯುವವರ ಬೆನ್ನ ಹಿಂದೆ ಏನು ನಡೆಯುತ್ತದೆಂಬುದನ್ನು ವಾಚಕರಿಗೆ ಬಿಡಿಸಿ ಹೇಳಬೇಕೆ?

ಮೇರಿ ಬಡ್ ರೋ ಎಂಬ ವಿದುಷಿ ಕಂಡುಕೊಂಡುದು ಇನ್ನೂ ಸರಳ. ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕೆ ಸಾಮಾನ್ಯವಾಗಿ ಕಾಯುತ್ತಿದ್ದುದು ಒಂದು ಸೆಕೆಂಡು ಮಾತ್ರ. ಅದನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದಾಗ ಉತ್ತರಗಳು ಉದ್ದವಾದವು, ಬಾಯಿಬಿಡದಿದ್ದ ಮಕ್ಕಳೂ ಬಾಯಿಬಿಟ್ಟರು. ಇದಕ್ಕೆ ಕಾಸು ಖರ್ಚಿಲ್ಲ, ಮೇಲಧಿಕಾರಿಗಳ ಮಂಜೂರಾತಿಯೂ ಬೇಕಿಲ್ಲ.

ಕಚೇರಿಯ ಗುಮಾಸ್ತರಾದ ನಮಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಎಲ್ಲರೆದುರು ಬೈಯುವ ಸಾಹೇಬರ ಮಾತು ಆ ದಿನಕ್ಕೆ ನಡೆಯುತ್ತದೆ. ಒಳಗೆ ಕರೆದು ಮೆಲ್ಲನೆ ತಿದ್ದುವವರ ಮಾತು ವರ್ಷವೆಲ್ಲ ನಡೆಯುತ್ತದೆ. ನಲವತ್ತು ದಾಟಿದವರಿಗೇ ಹೀಗಿರುವಾಗ, ಮಾನ ಎಂಬುದು ಈಗಷ್ಟೇ ಮೊಳೆಯುತ್ತಿರುವ ಹನ್ನೆರಡರ ಹುಡುಗನಿಗೆ ಹೇಗಿರಬೇಡ? ಅವನ ಬಳಿಗೆ ಹೋಗಿ ಪುಸ್ತಕದ ಮೇಲೆ ಬೆರಳಿಟ್ಟು ಎರಡು ಮಾತು ಹೇಳಿದರೆ, ಅವನ ಮಾನವೂ ಉಳಿಯಿತು, ಪಾಠವೂ ನಿಲ್ಲಲಿಲ್ಲ. ತರಗತಿಯ ನಿಯಮಗಳು ನಾಲ್ಕೈದೇ ಇರಲಿ. ವರ್ಷದ ಮೊದಲ ವಾರದಲ್ಲಿ ಮಕ್ಕಳೊಡನೆ ಕೂತೇ ಅವನ್ನು ಬರೆಯಲಿ. ಆಮೇಲೆ ಜಾಣನಿಗೊಂದು, ದಡ್ಡನಿಗೊಂದು ಎಂಬ ಭೇದ ಬೇಡ.

ಮನೆಯವರ ಪಾಲೂ ಇದೆ. ಶಾಲೆಯಿಂದ ದೂರು ಬಂದ ದಿನವೇ ಮಗನಿಗೆ ಬೆಲ್ಟು ಬಿಚ್ಚಿದರೆ, ಮುಂದಿನ ದೂರು ಮನೆ ಸೇರದಂತೆ ನೋಡಿಕೊಳ್ಳುವುದನ್ನು ಅವನು ಕಲಿಯುತ್ತಾನೆ. ದೂರಿಲ್ಲದ ದಿನವೂ ತಂದೆತಾಯಿಗಳು ಒಮ್ಮೆ ಮೇಷ್ಟರನ್ನು ಕಂಡು ಬರುವುದು ಒಳ್ಳೆಯದು.

ಅವಮಾನದಿಂದ ಏಳನೆಯ ತರಗತಿಯಲ್ಲೇ ಶಾಲೆ ಬಿಟ್ಟ ಹುಡುಗರು ಎಲ್ಲಿಗೆ ಹೋಗಿ ಸೇರುತ್ತಿದ್ದರೆಂಬುದನ್ನು ಹೋಟೆಲುಗಳ ಈ ಊರಿನ ಕನ್ನಡಿಗರಿಗೆ ಹೇಳಬೇಕಾಗಿಲ್ಲ. ಗದ್ದಲ ಮಾಡುವ ಹುಡುಗ ಇನ್ನೂ ತರಗತಿಯಲ್ಲೇ ಇದ್ದಾನೆ. ಅವನನ್ನು ಅಲ್ಲೇ ಉಳಿಸಿಕೊಳ್ಳುವುದು ಉಪಾಧ್ಯಾಯರ ಕೆಲಸ, ಅವರ ಬೆನ್ನಿಗೆ ನಿಲ್ಲುವುದು ನಮ್ಮ ಕೆಲಸ.