ಹಳೆಯ ಇನ್ವರ್ಟರ್: ರಿಪೇರಿಯೋ, ಬದಲಾವಣೆಯೋ?

ಅಡಿಕೆ ಕೊಯ್ಲಿನ ದಿನಗಳಲ್ಲಿ ಹೆಬ್ಬೂರು ಹೋಬಳಿಯ ನಮ್ಮ ಮನೆಗಳ ಕೆಲಸ ಸಂಜೆಗೆ ಮುಗಿಯುವುದಿಲ್ಲ. ಹಸಿ ಕಾಯಿಯನ್ನು ಬಹಳ ದಿನ ರಾಶಿ ಹಾಕಿಡುವಂತಿಲ್ಲ. ಸುಲಿಯುವುದು, ಬೇಯಿಸುವುದು ರಾತ್ರಿಯವರೆಗೂ ನಡೆಯುತ್ತದೆ. ಮೆಟ್ಟುಗತ್ತಿಯ ಮುಂದೆ ಕುಳಿತವರಿಗೆ ಫಕ್ಕನೆ ದೀಪ ಹೋದರೆ ಬೆರಳಿಗೇ ಅಪಾಯ. ಹೀಗಾಗಿ ಇನ್ವರ್ಟರ್ ಈಗ ಶೋಕಿಯ ವಸ್ತುವಲ್ಲ. ಅದು ಕೈಕೊಟ್ಟಾಗ ಪೂರ್ತಿ ಹೊಸದಕ್ಕೆ ಹಣ ಹಾಕುವ ಮುನ್ನ ಸದಸ್ಯ ಬಾಂಧವರು ಒಂದು ಮಾತನ್ನು ನೆನಪಿಡಬೇಕು: ಪೆಟ್ಟಿಗೆ ಬೇರೆ, ಬ್ಯಾಟರಿ ಬೇರೆ. ಎರಡೂ ಒಟ್ಟಿಗೆ ಕೆಡುವುದು ಅಪರೂಪ.

ಮೊದಲು ಬ್ಯಾಟರಿಯ ತುದಿಗಳನ್ನು ನೋಡಿ. ಬಿಳಿ, ಹಸಿರು ಕಿಟ್ಟ ಕಟ್ಟಿದ್ದರೆ ಸ್ವಿಚ್ ಆರಿಸಿ, ವೈರು ಬಿಚ್ಚಿ, ಬಿಸಿನೀರಿನಿಂದ ಒರೆಸಿ, ವ್ಯಾಸಲೀನ್ ಸವರಿ. ಎಷ್ಟೋ ಸಲ ದೋಷ ಇಷ್ಟೇ ಇರುತ್ತದೆ. ಬ್ಯಾಟರಿಯ ಹತ್ತಿರ ಬೀಡಿ, ಬೆಂಕಿ ಕೂಡದು. ಚಾರ್ಜ್ ಆಗುವಾಗ ಹೊರಡುವ ಹೈಡ್ರೋಜನ್ ಹೊತ್ತಿಕೊಳ್ಳುತ್ತದೆ.

ಎರಡನೆಯದು ಹೊರೆಯ ಪರೀಕ್ಷೆ. 12 ವೋಲ್ಟಿನ 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1,800 ವ್ಯಾಟ್-ಗಂಟೆ ಶಕ್ತಿಯಿದೆ. ಎರಡು ಫ್ಯಾನು, ಐದು ಎಲ್‌ಇಡಿ ದೀಪ ಸೇರಿ ಸುಮಾರು 200 ವ್ಯಾಟ್. ನಷ್ಟ ಕಳೆದರೂ ಹೊಸ ಬ್ಯಾಟರಿ ಆರು ಗಂಟೆ ನಡೆಸಬೇಕು. ಪೂರ್ತಿ ಚಾರ್ಜಾದ ಮೇಲೂ ಒಂದೇ ಗಂಟೆಗೆ ಸೋತರೆ ಬ್ಯಾಟರಿಯ ಕಾಲ ಮುಗಿದಿದೆ ಎಂದೇ ತಿಳಿಯಬೇಕು.

ಮೂರನೆಯದು ಹೈಡ್ರೋಮೀಟರ್. ಆರು ಕೋಶಗಳಲ್ಲೂ 1.240ರ ಆಸುಪಾಸು ತೋರಿಸಿದರೆ ಕ್ಷೇಮ. ಐದು ಸರಿಯಿದ್ದು ಒಂದು ಮಾತ್ರ 1.150ರಲ್ಲೇ ನಿಂತರೆ ಆ ಕೋಶ ಸತ್ತಿದೆ. ಆಸಿಡ್ ಸುರಿದರೆ ಅಂಕಿ ಏರೀತು, ಜೀವ ಬಾರದು. ಅಂಥ ಬ್ಯಾಟರಿಯನ್ನು ಬದಲಾಯಿಸುವುದೇ ಲೇಸು.

ಇಲ್ಲೇ ಹಲವರು ಎಡವುವುದು. ಪೆಟ್ಟಿಗೆಯ ಚಾರ್ಜಿಂಗ್ ಅಳೆಯದೆ ಹೊಸ ಬ್ಯಾಟರಿ ಜೋಡಿಸುತ್ತಾರೆ. ಚಾರ್ಜ್ ಆಗುವಾಗ ಮೀಟರು ಸಾಮಾನ್ಯವಾಗಿ 13.8ರಿಂದ 14.4 ವೋಲ್ಟ್ ತೋರಿಸಬೇಕು. 15 ದಾಟಿ ನಿಂತರೆ ನೀರು ಕುದಿದು ಬತ್ತುತ್ತದೆ. ಹಳೆಯದನ್ನು ಕೊಂದ ಪೆಟ್ಟಿಗೆ ಹೊಸದನ್ನೂ ಕೊಲ್ಲುತ್ತದೆ. ಆದುದರಿಂದ ಈ ಅಳತೆಯನ್ನು ನಿಮ್ಮೆದುರಿಗೇ ಮಾಡಿಸಿ, ಆಮೇಲೆ ಹಣ ಎಣಿಸಿ.

ಪೆಟ್ಟಿಗೆಯಲ್ಲಿ ಫ್ಯೂಸು, ರಿಲೇ, ಫ್ಯಾನು ಕೆಟ್ಟಿದ್ದರೆ ರಿಪೇರಿಯೇ ಲಾಭ. ಟ್ರಾನ್ಸ್‌ಫಾರ್ಮರ್ ಸುಟ್ಟಿದ್ದರೆ, ಅದೇ ದೋಷ ವರ್ಷದೊಳಗೆ ಮರುಕಳಿಸಿದರೆ, ಅಥವಾ ರಿಪೇರಿಯ ಅಂದಾಜು ಹೊಸದರ ಅರ್ಧ ಬೆಲೆ ಮೀರಿದರೆ ಬದಲಾಯಿಸಿ ಎಂಬುದು ನಮ್ಮ ಸಲಹೆ. ಕೊಳ್ಳುವಾಗ ಸೈನ್ ವೇವ್ ಮಾದರಿಯನ್ನೇ ಕೇಳಿ, ಫ್ಯಾನು ಗುಂಯ್‌ಗುಡುವುದಿಲ್ಲ. ಆದರೆ ಮನೆಯ ಇನ್ವರ್ಟರಿನಿಂದ ಪಂಪು ಓಡಿಸುವ ಆಸೆ ಬೇಡ. 5 ಅಶ್ವಶಕ್ತಿ ಎಂದರೆ ಸುಮಾರು 3,700 ವ್ಯಾಟ್.

ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ, ನಮ್ಮ ಕೊಳವೆ ಬಾವಿಯ ಗಡಸು ನೀರು ಬೇಡ. ಹಳೆಯ ಬ್ಯಾಟರಿಯನ್ನು ಹಿತ್ತಲಲ್ಲಿ ಒಡೆಯಬಾರದು. ಸೀಸ ಮಕ್ಕಳಿಗೆ ವಿಷ, ಆಸಿಡ್ ಮಣ್ಣಿಗೆ ಕೇಡು. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯದನ್ನು ವಾಪಸು ಪಡೆದು ವಿಲೇವಾರಿ ಮಾಡುವ ಹೊಣೆ ತಯಾರಕರದು. ಅಂಗಡಿಗೆ ಹಿಂತಿರುಗಿಸಿದರೆ ಸಾಮಾನ್ಯವಾಗಿ ಬೆಲೆಯಲ್ಲಿ ರಿಯಾಯಿತಿಯೂ ಸಿಗುತ್ತದೆ. ಕೊಯ್ಲಿಗೆ ಒಂದು ತಿಂಗಳ ಮೊದಲೇ ಈ ಪರೀಕ್ಷೆಗಳನ್ನು ಮುಗಿಸಿಕೊಳ್ಳುವುದು ಒಳ್ಳೆಯದು.