ಬಾಣಂತಿ ಮನೆಯಲ್ಲಿ ಸದ್ದು ಮಾಡಬಾರದು

ಬಾಣಂತಿಯನ್ನು ನೋಡಲು ಹೋದವರು ಜೋರಾಗಿ ಮಾತಾಡುವುದಿಲ್ಲ, ಹೆಚ್ಚು ಹೊತ್ತು ಕೂರುವುದಿಲ್ಲ, ಮಲಗಿದ ಕೂಸನ್ನು ಎಬ್ಬಿಸುವುದಿಲ್ಲ. ಯಾರೂ ಬರೆದಿಡದ ಈ ಕಟ್ಟಳೆ ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಇದನ್ನೇ ಪಾಲಿಸಬೇಕಾದ ಇನ್ನೊಂದು ಮನೆ ಶ್ರೀರಂಗಪಟ್ಟಣದ ಬಳಿ, ಕಾವೇರಿಯ ನಡುವೆ ಇದೆ. ಅಲೀಪುರ, ಗೌರಿಬಿದನೂರಿನಂಥ ದೂರದ ಬಯಲುಸೀಮೆಯ ಊರುಗಳಿಂದ ಮೈಸೂರು ಪ್ರವಾಸಕ್ಕೆ ಹೊರಟವರೂ ಅಲ್ಲಿ ಇಳಿದು ದೋಣಿ ಹತ್ತುವುದುಂಟು. ಅದೇ ರಂಗನತಿಟ್ಟು.

ತಿಟ್ಟು ಎಂದರೆ ದಿಬ್ಬ. ಇಲ್ಲಿನ ದಿಬ್ಬಗಳು ಪೂರ್ತಿಯಾಗಿ ನಿಸರ್ಗದ ಕೊಡುಗೆಯಲ್ಲ. ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, 1645ರಿಂದ 1648ರ ನಡುವೆ, ಹೊಳೆಗೆ ಅಡ್ಡಲಾಗಿ ಒಡ್ಡು ಕಟ್ಟಿದಾಗ ನೀರು ನಿಂತು ಈ ನಡುಗಡ್ಡೆಗಳು ರೂಪುಗೊಂಡವು. ಮನುಷ್ಯ ತನಗಾಗಿ ಕಟ್ಟಿದ್ದು ಹಕ್ಕಿಗಳಿಗೆ ಒದಗಿಬಂತು. ಸುಮಾರು ಮೂರು ಶತಮಾನ ಕಳೆದ ಮೇಲೆ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆಂದು ಬಂದ ಸಲೀಂ ಅಲಿಯವರು ಇದರ ಮಹತ್ವ ಕಂಡು, ರಕ್ಷಣೆ ಕೊಡುವಂತೆ ಒಡೆಯರನ್ನು ಒತ್ತಾಯಿಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಜೌಗುಪ್ರದೇಶಗಳ ರಕ್ಷಣೆಗಾಗಿ 1971ರಲ್ಲಿ ಇರಾನಿನ ರಾಮ್ಸಾರ್ ಪಟ್ಟಣದಲ್ಲಿ ಒಂದು ಅಂತರರಾಷ್ಟ್ರೀಯ ಒಪ್ಪಂದ ಆಗಿತ್ತು. ಆ ಒಪ್ಪಂದದ ಪಟ್ಟಿಗೆ 2022ರಲ್ಲಿ ಸೇರಿದ ರಂಗನತಿಟ್ಟು, ಕರ್ನಾಟಕದಿಂದ ಆ ಮನ್ನಣೆ ಪಡೆದ ಮೊದಲ ತಾಣ. 2024ರಲ್ಲಿ ಅಂಕಸಮುದ್ರ, ಮಾಗಡಿ ಕೆರೆ ಮತ್ತು ಅಘನಾಶಿನಿ ಅಳಿವೆ ಅದನ್ನು ಹಿಂಬಾಲಿಸಿದವು.

ಹಕ್ಕಿಗಳು ಈ ಜಾಗವನ್ನೇ ಆರಿಸಿಕೊಳ್ಳಲು ಕಾರಣವಿದೆ. ಸುತ್ತ ನೀರು, ನೀರಿನಲ್ಲಿ ಮೊಸಳೆ. ಗೂಡಿಗೆ ಕೈಹಾಕುವ ಬೆಕ್ಕು, ನರಿಗಳು ಇಲ್ಲಿಗೆ ಸುಲಭವಾಗಿ ಬರಲಾರವು. ಬಣ್ಣದ ಕೊಕ್ಕರೆ, ಚಮಚದಂಥ ಕೊಕ್ಕಿನ ಹಕ್ಕಿ, ಹೆಜ್ಜಾರ್ಲೆ, ನೀರುಕಾಗೆ ಮೊದಲಾದವು ಮರ, ಪೊದೆಗಳ ಮೇಲೆ ಒತ್ತೊತ್ತಾಗಿ ಗೂಡು ಕಟ್ಟುತ್ತವೆ. ಕೃಷ್ಣರಾಜಸಾಗರದಿಂದ ಹೆಚ್ಚು ನೀರು ಬಿಟ್ಟಾಗ ಮಾತ್ರ ಈ ಕೋಟೆಯೂ ಮುಳುಗುತ್ತದೆ. ಆಗ ದೋಣಿವಿಹಾರ ನಿಲ್ಲುತ್ತದೆ, ತಗ್ಗಿನ ಗೂಡುಗಳಿಗೆ ಅಪಾಯ ಬರುತ್ತದೆ.

ದೋಣಿಯಲ್ಲಿ ಕುಳಿತವರು ಚಪ್ಪಾಳೆ ತಟ್ಟಿದರೆ, ಕೂಗಿದರೆ ಹಕ್ಕಿಗಳು ಒಟ್ಟಿಗೆ ಮೇಲೇಳುತ್ತವೆ. ನೋಡುವವರಿಗೆ ಅದೊಂದು ಸೊಗಸು, ಛಾಯಾಚಿತ್ರಕ್ಕೆ ಒಳ್ಳೆಯ ಅವಕಾಶ. ಗೂಡಿನಲ್ಲಿ ಮಾತ್ರ ಆಗುವುದು ಬೇರೆ. ತಾಯಿಯೋ ತಂದೆಯೋ ರೆಕ್ಕೆ ಹರಡಿ ಕೊಡುತ್ತಿದ್ದ ನೆರಳು ತಪ್ಪಿ ಮೊಟ್ಟೆ, ಮರಿಗಳು ಬಿಸಿಲಿಗೆ ಒಡ್ಡಿಕೊಳ್ಳುತ್ತವೆ. ಹೊಂಚು ಹಾಕುತ್ತಿದ್ದ ಕಾಗೆ, ಹದ್ದುಗಳಿಗೆ ಆ ಕೆಲವು ನಿಮಿಷಗಳೇ ಸಾಕು. ಆದ್ದರಿಂದ ಬೆಳಗಿನ ತಂಪು ಹೊತ್ತಿನಲ್ಲಿ ಹೋಗುವುದು, ಮೌನವಾಗಿರುವುದು, ದುರ್ಬೀನಿನಿಂದ ದೂರದಲ್ಲೇ ನೋಡುವುದು, ಇನ್ನೂ ಹತ್ತಿರ ಹೋಗುವಂತೆ ದೋಣಿಯವರನ್ನು ಪೀಡಿಸದಿರುವುದು ಬರಿಯ ಶಿಷ್ಟಾಚಾರವಲ್ಲ. ಮರಿಗಳ ಜೀವ ಅದರಲ್ಲಿದೆ.

ಈ ತಿಳಿವಳಿಕೆಯನ್ನು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನವರಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಅಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದೇ ಊರವರು ಅವನ್ನು ಕಾಣುತ್ತ ಬಂದಿದ್ದಾರೆ. ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತದೆ.

ಆದರೆ ಹೆರಿಗೆಯ ಕೋಣೆಯೊಂದನ್ನೇ ಕಾದರೆ ಸಾಲದು, ಅಡಿಗೆಮನೆಯೂ ಇರಬೇಕು. ಪಕ್ಷಿಧಾಮವಾಗಿ ಕಾಪಾಡಿದ ರಂಗನತಿಟ್ಟಿನ ವಿಸ್ತೀರ್ಣ ಒಂದು ಚದರ ಕಿಲೋಮೀಟರಿಗೂ ಕಡಿಮೆ. ಅಷ್ಟು ಹಕ್ಕಿಗಳ ಹೊಟ್ಟೆ ಅಲ್ಲೇ ತುಂಬುವಂತಿಲ್ಲ. ಅವು ಸುತ್ತಲಿನ ಗದ್ದೆ, ನಾಲೆ, ಕೆರೆಗಳಿಗೆ ಹಾರಿಹೋಗಿ ಮೇವು ತರುತ್ತವೆ. ಬಣ್ಣದ ಕೊಕ್ಕರೆ ಮೀನನ್ನು ಕಣ್ಣಿನಿಂದ ಹುಡುಕುವುದು ಕಡಿಮೆ. ತೆಳುನೀರಿನಲ್ಲಿ ಕೊಕ್ಕನ್ನು ಅರೆ ತೆರೆದು ನಡೆಯುತ್ತದೆ, ಮೀನು ತಾಗಿದೊಡನೆ ಥಟ್ಟನೆ ಮುಚ್ಚುತ್ತದೆ. ಕಾಲೂರಿ ನಿಲ್ಲಲಾಗದ ಆಳದ ನೀರಿನಲ್ಲಿ ಅದು ಉಪವಾಸವೇ.

ಇಲ್ಲಿಗೆ ಪ್ರವಾಸ ಬಂದವರ ಊರಿನ ಮಾತೂ ಸೇರಿಕೊಳ್ಳುತ್ತದೆ. ಗೌರಿಬಿದನೂರು ಸೀಮೆಯಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ನಂದಿಬೆಟ್ಟದ ಕಡೆಯಿಂದ ಇಳಿಯುವ ಉತ್ತರ ಪಿನಾಕಿನಿ ಬಹುಕಾಲ ಬತ್ತಿರುತ್ತದೆ. ಇಲ್ಲಿ ಜೌಗುನೆಲವೆಂದರೆ ಹಿರಿಯರು ಕಟ್ಟಿಸಿದ ಕೆರೆಗಳು. ಹತ್ತಿರದಲ್ಲೇ, ಆಂಧ್ರದ ಗಡಿಯಾಚೆ ಚಿಲಮತ್ತೂರು ಮಂಡಲದ ವೀರಾಪುರದಲ್ಲಿ ಬಣ್ಣದ ಕೊಕ್ಕರೆಗಳು ಊರ ಹುಣಸೆಮರಗಳಲ್ಲಿ ಮರಿ ಮಾಡುತ್ತವೆ. ಕೆರೆ ನೀರಿಗೆ ರಾಜ್ಯದ ಗಡಿ ಗೊತ್ತಿದ್ದರೂ ಕೊಕ್ಕರೆಗೆ ಗೊತ್ತಿಲ್ಲ. ಮೇವು ಎಲ್ಲಿದೆಯೋ ಅಲ್ಲಿಗೆ ಅದು ಹಾರುತ್ತದೆ.

ಹಾಗಾಗಿ ಕೆರೆಯ ಅಭಿವೃದ್ಧಿಯೆಂದರೆ ಅಂಚಿನವರೆಗೂ ಒಂದೇ ಸಮನೆ ಆಳವಾಗಿ ಅಗೆದು, ಸುತ್ತಲೂ ಕಲ್ಲು ಕಟ್ಟಿ, ನಡೆದಾಡುವ ದಾರಿ ಮಾಡುವುದಷ್ಟೇ ಆದರೆ ನೀರು ಹೆಚ್ಚಿದರೂ ಹಕ್ಕಿಗೆ ಮೇವು ಸಿಗದು. ಒಂದು ಮಗ್ಗುಲಲ್ಲಾದರೂ ಇಳಿಜಾರಿನ ಅಂಚು, ಕೆಸರು, ಮೊಣಕಾಲುದ್ದದ ನೀರು ಉಳಿಯಬೇಕು. ರಂಗನತಿಟ್ಟಿನ ದೋಣಿಯಲ್ಲಿ ಉಸಿರು ಬಿಗಿಹಿಡಿದು ಕೂತು ಬಂದವರು ಮರುದಿನ ಬೆಳಿಗ್ಗೆ ತಮ್ಮೂರ ಕೆರೆಯಂಗಳದ ಕಡೆಗೂ ಅದೇ ಕಣ್ಣಿನಿಂದ ನೋಡಬಹುದು. ಅಲ್ಲಿ ಒಂಟಿಯಾಗಿ ನಿಂತ ಕೊಕ್ಕರೆ ತನ್ನ ಮರಿಗಾಗಿ ಮೇವು ಹುಡುಕುತ್ತಿರಬಹುದು.